ರೆಚೆಡ್ ಅಂದವರು ಬಿಡ್ತು ಅನ್ನಿ

ಕೆಲವರಿಗೆ ದಾರಿಯಲ್ಲಿ ಹೋಗುವಾಗ ನಾಯಿ ಗಂಟುಬೀಳುತ್ತದೆ. ನನಗೆ ಇಂಥ ಪ್ರಸಂಗಗಳು ಗಂಟುಬೀಳುತ್ತವೆ. ನಾನಾಗಿ ಹುಡುಕಿಕೊಂಡು ಹೋದವನಲ್ಲ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆಗೆ ಕುಂಕುಮ ಇಟ್ಟುಕೊಂಡು, ಸಿಂಗಾಪುರದ ಬುಕಿತ್ ಬಾಟೋಕ್‌ನಿಂದ ಎಂಆರ್‌ಟಿ ರೈಲು ಹತ್ತಿ, ಬಸ್ಸು ಬದಲಿಸಿ, ಉಬಿಯಲ್ಲಿದ್ದ ಕೆಲಸಕ್ಕೆ ತೆಪ್ಪಗೆ ಹೋಗಿಬರುತ್ತಿದ್ದವನು. ಆದರೂ ತೊಂಬತ್ತರ ದಶಕದ ಒಂದು ವರ್ಷ ಪೂರ್ತಿ ಒಂದು ಇಂಗ್ಲಿಷ್ ಪದ ನನ್ನ ಬೆನ್ನು ಬಿಡಲಿಲ್ಲ.

ಅಸ್ತು ಅನ್ನುವವರು

ರಟ್ಟಿನ ಪೆಟ್ಟಿಗೆ ಮಾಡುವ ವರ್ಕ್‌ಶಾಪಿನಲ್ಲಿ ನಾನು ಸ್ಟೋರ್‌ಕೀಪರ್. ಸ್ಪ್ಯಾನರು, ಬ್ಲೇಡು, ಎಣ್ಣೆ ಎಲ್ಲ ನನ್ನ ಸುಪರ್ದಿಯಲ್ಲಿ. ಸೂಪರ್‌ವೈಸರ್ ಚೀನೀಯರು, ಮಿಷನ್ ಶಾಲೆಯಲ್ಲಿ ಓದಿದವರು. ರಟ್ಟು ಕತ್ತರಿಸುವ ಹಳೇ ಮೆಷಿನ್ನಿಗೆ ಅವರ ಬೆಳಗಿನ ನಮಸ್ಕಾರ ಒಂದೇ: "ರೆಚೆಡ್ ಮೆಷಿನ್!"

ನಮ್ಮೂರ ಶಾಲೆಯ ಮೇಷ್ಟ್ರು ಆ ಪದಕ್ಕೆ ಎರಡು ಅರ್ಥ ಹೇಳಿಕೊಟ್ಟಿದ್ದರು. ಪರಮ ನೀಚ, ಇಲ್ಲವೇ ಪರಮ ದುಃಖಿ. ಎರಡೂ ಬೆಳಿಗ್ಗೆ ಎದ್ದು ಬಾಯಲ್ಲಿ ಆಡುವಂಥವಲ್ಲ. ನಮ್ಮ ಮನೆಗಳಲ್ಲಿ ಕೆಟ್ಟ ಮಾತು ಬಾಯಿತಪ್ಪಿ ಬಂದರೆ ಹಿರಿಯರು ಕೂಡಲೇ "ಬಿಡ್ತು ಅನ್ನು" ಅನ್ನುತ್ತಾರೆ. ಬಿಡ್ತು ಅಂದರೆ ಆ ಮಾತು ಅಲ್ಲಿಗೇ ಬಿಟ್ಟುಹೋಯಿತು ಅಂತ ಲೆಕ್ಕ. ನನಗೂ ತಡೆಯಲಾಗಲಿಲ್ಲ.

"ಸರ್, ಬಿಡ್ತು ಅನ್ನಿ."

"ಯಾಕೆ?"

"ನಮ್ಮ ತಲೆ ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ ಸರ್. ನಾವು ಏನಂದ್ರೂ ಆಗಲಿ ಅಂದುಬಿಡ್ತಾರೆ."

ಅವರು ಕನ್ನಡಕ ತೆಗೆದು ಸೂರು ನೋಡಿದರು. "ಏನು ಕೇಳಿದ್ರೂ ಆಗಲಿ ಅಂತಾರಾ? ಹಾಗಾದ್ರೆ ಅವರು ಖಂಡಿತ ನಮ್ಮ ಹೆಡ್ ಆಫೀಸಿನವರಲ್ಲ."

ದೇವರ ಪಾಸ್

ಪದ ನನಗಿಂತ ಮುಂಚೆ ಮನೆ ಸೇರಿತ್ತು. ಮೂರನೇ ಕ್ಲಾಸಿನ ಮಗಳು ಚೀಲ ಬಿಸಾಕಿ, "ಅಮ್ಮಾ, ರೆಚೆಡ್ ಹೋಮ್‌ವರ್ಕ್ ಲಾ!" ಅಂತ ಇಲ್ಲಿಯವರ ಹಾಗೆ ಕೊನೆಗೊಂದು ಲಾ ಎಳೆದಳು.

"ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತೇ ಅದು! ಬಿಡ್ತು ಅನ್ನು," ಅಂತ ನನ್ನವಳು ಒಗ್ಗರಣೆ ಸೌಟು ಹಿಡಿದೇ ಈಚೆ ಬಂದಳು. "ದೇವತೆಗಳು ಅಸ್ತು ಅಂದ್ಬಿಟ್ರೆ?"

ಮಗಳು ಕೇಳಿದಳು: "ಅಪ್ಪಾ, ಸಿಂಗಾಪುರದಲ್ಲಿರೋಕೆ ಆ ದೇವತೆಗಳಿಗೆ ಪಾಸ್ ಇದ್ಯಾ?"

"ದೇವರಿಗೆ ಪಾಸ್ ಬೇಕಾಗಲ್ಲ ಕಣಮ್ಮ."

ನನ್ನವಳು ಒಳಗಿನಿಂದ ಹೇಳಿದಳು: "ನಿಮಗೆ ಬೇಕಲ್ಲ. ಅದರ ಮಾತಾಡಿದ್ರಾ?"

ಆಡಿರಲಿಲ್ಲ. ಡಿಸೆಂಬರಿಗೆ ನನ್ನ ವರ್ಕ್ ಪಾಸ್ ಮುಗಿಯುತ್ತಿತ್ತು. ಹೆಡ್ ಆಫೀಸಿನವರು ಮುಂದುವರಿಸಿದರೆ ಉಂಟು, ಇಲ್ಲವಾದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಕೇಳಲು ನನಗೆ ಸಂಕೋಚ. "ಸಮಯ ನೋಡಿ ಕೇಳ್ತೀನಿ," ಅಂದೆ.

"ಕೇಳಿ. ಅಷ್ಟರಲ್ಲಿ ಆ ದೇವತೆಗಳೂ ಬೇರೆ ಊರಿಗೆ ಶಿಫ್ಟ್ ಆಗಿರ್ತಾರೆ."

ಮೊದಲನೆಯ ಅರ್ಥ

ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ಗೋಡೆಯಿಲ್ಲದ ನೆಲಮಹಡಿಯ ಕಲ್ಲುಬೆಂಚಿನ ಮೇಲೆ, ಸಂಜೆ ಹೊತ್ತು ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಕೂತಿರುತ್ತಿದ್ದರು. ಎಲ್ಲರಿಗೂ ಅಂಕಲ್. ಈ ಪದದ ಹುಳ ತಲೆ ಕೊರೆಯುತ್ತಿತ್ತಲ್ಲ, ಒಂದು ಸಂಜೆ ತರಕಾರಿ ತರುವಾಗ ಅವರನ್ನೇ ಕೇಳಿದೆ.

"ನಿಮ್ಮ ಮೇಷ್ಟ್ರು ಅರ್ಧ ಹೇಳಿದಾರೆ," ಅಂದರು ಅಂಕಲ್. "ಅದರ ಮೂಲ ಬಹಳ ಹಳೇದು. ಮೊದಲು ಆ ಪದಕ್ಕೆ ದೇಶ ಬಿಟ್ಟು ಹೋದವನು ಅಂತ ಅರ್ಥ. ದೇಶ ಬಿಟ್ಟವನಿಗೆ ಸುಖ ಎಲ್ಲಿ? ಆಮೇಲೆ ದುಃಖಿ ಅಂತಾಯ್ತು. ದುಃಖಿಯನ್ನ ಕಂಡ್ರೆ ಯಾರಿಗೂ ಆಗಲ್ಲ ನೋಡು, ಹಾಗಾಗಿ ನೀಚ ಅಂತಾಯ್ತು. ಈಗ ಕೆಟ್ಟ ಲಿಫ್ಟಿಗೂ ಅದೇ, ಮಳೆಗೂ ಅದೇ. ನನ್ನ ಹೆಂಡತಿ ನನ್ನನ್ನ ಊಟಕ್ಕೆ ಕರೆಯೋದೂ ಅದರಲ್ಲೇ."

ನಾನು ನಿಧಾನವಾಗಿ ಯೋಚಿಸಿದೆ. "ಹಾಗಾದ್ರೆ ಅಂಕಲ್, ನಾನು ಮೊದಲನೆಯ ಅರ್ಥ."

"ಹೌದಪ್ಪ. ಕೈಯಲ್ಲಿರೋ ತರಕಾರಿ ಬೇಗ ಮನೆಗೆ ಮುಟ್ಟಿಸು. ತಡವಾದ್ರೆ ಉಳಿದ ಅರ್ಥ ಎಲ್ಲಾ ನಿನ್ನ ಹೆಂಡತಿ ಹೇಳಿಕೊಡ್ತಾಳೆ."

ಹೂ ಮುಡಿದ ಸ್ಪ್ಯಾನರ್

ಆ ಸಲ ಆಯುಧಪೂಜೆ ಕೆಲಸದ ದಿನವೇ ಬಂತು. ಸ್ಟೋರ್ಸಿನಲ್ಲಿ ಪೂಜೆ ಮಾಡಲೇ ಅಂತ ಸೂಪರ್‌ವೈಸರನ್ನು ಕೇಳಿದೆ. "ಮೆಷಿನ್ ಒಳಗೆ ತೆಂಗಿನಕಾಯಿ ಹಾಕದಿದ್ರೆ ಸಾಕು," ಅಂದರು.

ಮೆಷಿನ್ ಒರೆಸಿ ಕುಂಕುಮ ಇಟ್ಟೆ. ಸ್ಪ್ಯಾನರುಗಳನ್ನೆಲ್ಲ ತೊಳೆದು, ಅರಿಶಿನದ ದಾರದಲ್ಲಿ ಒಂದೇ ಕಟ್ಟಾಗಿ ಕಟ್ಟಿ, ಸೇವಂತಿಗೆ ಮುಡಿಸಿ, ದೇವಿಯ ಪಟದ ಮುಂದೆ ಇಟ್ಟೆ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಬೆಳಿಗ್ಗೆ ತನಕ ತೆಗೆಯುವಂತಿಲ್ಲ. ಒಂದು ದಿನ ಸ್ಪ್ಯಾನರ್ ಯಾರಿಗೆ ಬೇಕು ಅಂತ ನನ್ನ ಎಣಿಕೆ.

ಮಧ್ಯಾಹ್ನ ಮೆಷಿನ್ ರಟ್ಟು ಕಚ್ಚಿಕೊಂಡು ನಿಂತಿತು. ಅದೇ ಗಳಿಗೆಗೆ, ಹೇಳದೆ ಕೇಳದೆ, ಹೆಡ್ ಆಫೀಸಿನ ದೊಡ್ಡ ಸಾಹೇಬರ ಕಾರು ಬಾಗಿಲಿಗೆ ಬಂತು.

ಸೂಪರ್‌ವೈಸರ್ ಓಡಿ ಬಂದರು. "ಸ್ಪ್ಯಾನರ್!"

"ಸರ್... ನಾಳೆ ಬೆಳಿಗ್ಗೆ."

"ನಾಳೆ?"

"ಪೂಜೆಗಿಟ್ಟಿದೀನಿ ಸರ್."

ಅವರ ಮುಖ ಆ ಕುಂಕುಮದ ಬಣ್ಣಕ್ಕೇ ತಿರುಗಿತು. "ಯು ರೆಚೆಡ್..." ಅಂತ ಬಾಯಿ ತೆರೆದರು. ನನಗೆ ಒಂದು ಕಣ್ಣಿಗೆ ದೇವಿ ಕಂಡಳು, ಇನ್ನೊಂದು ಕಣ್ಣಿಗೆ ಡಿಸೆಂಬರ್ ಕಂಡಿತು. ಅವರೇ ತುಟಿ ಕಚ್ಚಿ, ಉಸಿರು ಬಿಟ್ಟು, "ಬಿಡ್ತು," ಅಂದರು.

ಬಾಯಲ್ಲಿ ಬಿಡ್ತು ಅಂದವರನ್ನು ಕೈಬಿಡುವುದು ಹೇಗೆ? "ತಾಯೀ, ತಪ್ಪಾಯ್ತು," ಅಂತ ಕೆನ್ನೆ ಬಡಿದುಕೊಂಡು ಇಡೀ ಕಟ್ಟನ್ನೇ ಅವರ ಕೈಗೆ ಕೊಟ್ಟೆ. ದಾರ ಬಿಚ್ಚಲು ಪುರುಸೊತ್ತಿಲ್ಲ. ಉಳಿದವೆಲ್ಲ ಗಂಟೆಯಂತೆ ತೂಗುತ್ತಿದ್ದಂತೆ ಒಂದರಲ್ಲೇ ನಟ್ಟು ತಿರುಗಿಸಿದರು. ಹೂವು ಉದುರಿತು. ಬೆವರು ಒರೆಸಿಕೊಂಡ ಕೈ ಕುಂಕುಮದ ಕೈ, ಹಣೆ ಪೂರ್ತಿ ಕೆಂಪು. ಮೆಷಿನ್ ಗುರ್ ಅಂತ ಎದ್ದಿತು.

ದೊಡ್ಡ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಹೂ ಮುಡಿದ ಸ್ಪ್ಯಾನರ್ ನೋಡಿದರು, ಆ ಹಣೆ ನೋಡಿದರು.

"ಏನಿದು?"

ಸೂಪರ್‌ವೈಸರ್ ನೆಟ್ಟಗೆ ನಿಂತರು. "ಪ್ರಿವೆಂಟಿವ್ ಮೆಂಟೆನೆನ್ಸ್, ಸರ್."

"ಈ ರೆಚೆಡ್ ಮೆಷಿನ್ ಇನ್ನೂ ಓಡ್ತಿದ್ಯಾ?"

"ಬಿಡ್ತು ಅನ್ನಿ, ಸರ್."

"ಏನಂದ್ರಿ?"

"ಅನ್ನಿ ಸರ್. ಅಂದ್ರೇನೇ ಓಡೋದು." ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಈ ಮೆಂಟೆನೆನ್ಸ್ ಗೊತ್ತಿರೋದು ಇವರೊಬ್ಬರಿಗೇ. ಡಿಸೆಂಬರಿಗೆ ಪಾಸ್ ಮುಗಿಯುತ್ತೆ. ಇವರು ಊರಿಗೆ ಹೋದ್ರೆ ನಾವು ಹೊಸ ಮೆಷಿನ್ನೇ ತಗೋಬೇಕಾಗುತ್ತೆ, ಸರ್."

ಹೊಸ ಮೆಷಿನ್ ಅನ್ನುವುದು ಕಿವಿಗೆ ಬಿದ್ದದ್ದೇ ದೊಡ್ಡ ಸಾಹೇಬರು ಮೆಷಿನ್ನಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ ಬೇಡ. ಇವರೇ ಇರಲಿ. ಪಾಸ್ ಮುಂದುವರಿಸಿ." ಹೊರಟವರು ಬಾಗಿಲಲ್ಲಿ ತಿರುಗಿ, ಬಾಯೊಳಗೇ, "ಬಿಡ್ತು," ಅಂದುಕೊಂಡರು.

ಕಾರು ಹೋಯಿತು. ಸೂಪರ್‌ವೈಸರ್ ಕನ್ನಡಕ ತೆಗೆದು ಬಹಳ ಹೊತ್ತು ಸೂರು ನೋಡಿದರು.

"ನಿಮ್ಮ ದೇವತೆಗಳನ್ನ ಒಂದು ಮಾತು ಕೇಳಿ. ಹೆಡ್ ಆಫೀಸಿಗೆ ಅವರು ಯಾವಾಗ ಸೇರಿದ್ರು?"