ಅಗಿದು ತಿಂದ ಮುದ್ದೆ

ಮುದ್ದೆಯನ್ನು ಅಗಿದು ತಿನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಮುದ್ದೆ ಇರುವುದು ನುಂಗಲಿಕ್ಕೆ. ತುತ್ತು ಮುರಿ, ಸಾರಿನಲ್ಲಿ ಅದ್ದು, ಬಾಯಿಗಿಡು, ಗುಳುಂ ಅನ್ನಿಸು, ಅಷ್ಟೆ. ಹಲ್ಲಿಗೂ ಮುದ್ದೆಗೂ ಏನು ಸಂಬಂಧ? ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯ ನಮ್ಮ ಮನೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತಿದ್ದ ವಿದ್ಯೆ ಇದು. ನನಗಂತೂ ಅಕ್ಷರ ಮೂರನೇ ಕ್ಲಾಸಿಗೇ ನಿಂತುಹೋಯಿತು, ನುಂಗುವ ವಿದ್ಯೆ ಮಾತ್ರ ಐವತ್ತೈದು ವರ್ಷ ನಡೆಯಿತು. ಮಗ, ಮೊಮ್ಮಗಳು, ಬೆಂಗಳೂರಿನಿಂದ ಬಂದ ನೆಂಟರು, ಎಲ್ಲರಿಗೂ ನಾನೇ ಮೇಷ್ಟ್ರು. ಯಾರಾದರೂ ದವಡೆ ಆಡಿಸಿದರೆ, "ಏನೇ ಅದು, ಎಮ್ಮೆ ಮೆಲುಕು ಹಾಕ್ದಂಗೆ? ನುಂಗೇ!" ಎಂದು ಬೆನ್ನಿಗೊಂದು ಬಿಡುತ್ತಿದ್ದೆ. ಅಂಥ ನನಗೇ ನುಂಗಲಾಗದ ಕಾಯಿಲೆ ಬಂತು. ದೇವರಿಗೆ ತಮಾಷೆ ಗೊತ್ತಿಲ್ಲ ಅನ್ನುವವರು ಬಂದು ನನ್ನ ಪಕ್ಕ ಕೂರಲಿ.

ಅದು ಶುರುವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಾನು ತುಮಕೂರಿಗೆ, ಮಗ ನಾಗರಾಜನ ಮನೆಗೆ ಬಂದು ಎರಡು ವರ್ಷವಾಗಿತ್ತು. ತುತ್ತು ಗಂಟಲು ದಾಟುತ್ತಿತ್ತು, ಎದೆಯ ನಡುವೆ ನಿಂತುಬಿಡುತ್ತಿತ್ತು. ಪ್ರೈವೇಟ್ ಬಸ್ಸು ಜನ ತುಂಬುವ ತನಕ ಸ್ಟ್ಯಾಂಡು ಬಿಡುವುದಿಲ್ಲವಲ್ಲ, ಹಾಗೆ ಹಿಂದಿನ ತುತ್ತುಗಳೆಲ್ಲ ಬಂದು ಸೇರುವ ತನಕ ಹೊರಡುತ್ತಿರಲಿಲ್ಲ. ಕೆಲವು ಸಲ ಬಂದ ದಾರಿಯಲ್ಲೇ ವಾಪಸು. ಬುದ್ಧಿ ಇರುವವರು ಡಾಕ್ಟರ ಹತ್ತಿರ ಹೋಗುತ್ತಾರೆ. ನಾನು ಅಡಿಗೆಮನೆಗೆ ಹೋದೆ. "ಸರೋಜಾ, ಮುದ್ದೆ ಗಂಟು ಕಣೇ" ಎಂದೆ. ಸರೋಜ ನನ್ನ ಸೊಸೆ, ಗುಬ್ಬಿಯವಳು. ಅವಳು ತಟ್ಟೆ ಮುಂದೆ ಹಿಡಿದು, "ಅತ್ತೆ, ನೀವೇ ಮುರ್ದು ನೋಡಿ, ಎಲ್ಲೈತೆ ಗಂಟು?" ಎಂದಳು. "ನೋಡೋದೇನು, ಎದೇಲಿ ಕುಂತೈತೆ! ಗುಬ್ಬಿ ಕಡೆಯೋರಿಗೆ ಹಿಟ್ಟಿನ ಕೋಲು ಹಿಡಿಯಾಕೆ ಬರಾಕಿಲ್ಲ ಬುಡು" ಎಂದೆ. ಅವಳು ಮತ್ತೆ ಎಸರಿಟ್ಟು, ಕೋಲು ಹಾಕಿ ತಿರುವಿ, ಬೆಣ್ಣೆಯಂಥ ಮುದ್ದೆ ಕಟ್ಟಿ ತಂದಳು. ಅದೂ ನಿಂತಿತು.

ಹೀಗೆ ಐದಾರು ವರ್ಷ. ಅಮೃತೂರಿಗೆ ಹೋಗಿ ತಂಗಿ ಜಯಮ್ಮನ ಮುದ್ದೆ ತಿಂದೆ, ಅದೂ ನಿಂತಿತು. ತಂಗಿಗೆ ಅನ್ನಲಾಗುತ್ತದೆಯೇ? ಹಿಟ್ಟಿನ ಮಿಲ್ಲಿನವನಿಗೆ ಅಂದೆ. ಅನ್ನ ನಿಂತಾಗ ಸೊಸೈಟಿ ಅಕ್ಕಿಗೆ ಅಂದೆ. ಕೊನೆಗೆ ನೀರೇ ನಿಂತಿತು. ನೀರಿನಲ್ಲಿ ಗಂಟು ಹುಡುಕುವುದು ನನ್ನಂಥವಳಿಗೂ ಕಷ್ಟ, ಆದ್ದರಿಂದ ತುಮಕೂರಿನ ನಲ್ಲಿಗೆ ಅಂದೆ. ಒಟ್ಟಿನಲ್ಲಿ ಊರಿನಲ್ಲಿರುವುದೆಲ್ಲ ಕೆಟ್ಟಿತ್ತು, ನಾನೊಬ್ಬಳು ನೆಟ್ಟಗಿದ್ದೆ.

ಇದರ ನಡುವೆ ಗುಬ್ಬಿಯಲ್ಲಿ ಸರೋಜಳ ಅಣ್ಣ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಪಂಕ್ತಿಯಲ್ಲಿ ನನ್ನನ್ನು ಹಿರಿಯಳೆಂದು ಮೊದಲ ಎಲೆಗೆ ಕೂರಿಸಿದರು. ಪಂಕ್ತಿಯ ರಿವಾಜು ನಿಮಗೆ ಗೊತ್ತು. ಹಿರಿಯರು ಏಳುವ ತನಕ ಯಾರೂ ಏಳುವ ಹಾಗಿಲ್ಲ. ಹಿರಿಯರೇ ನಡುವೆ ಎದ್ದರೆ ಉಂಡ ಮನೆಗೆ ಉಗಿದ ಹಾಗೆ. ಮೂರನೇ ತುತ್ತಿಗೆ ನನ್ನ ಎದೆ ಕಟ್ಟಿತು. ಎದ್ದೆ. ಹಿತ್ತಲಿಗೆ ಓಡಿ, ಎರಡೂ ಕೈ ಮೇಲೆತ್ತಿ, ಇಳಿಯಲೆಂದು ನಾಲ್ಕು ಸಲ ಕುಪ್ಪಳಿಸಿದೆ. ಅರವತ್ತು ದಾಟಿದ ಹೆಂಗಸು ಬೀಗರ ಹಿತ್ತಲಲ್ಲಿ ಕುಣಿಯುವುದನ್ನು ಅವರ ಹಸು ಒಂದೇ ನೋಡಿದ್ದು. ವಾಪಸು ಬಂದರೆ ಸರೋಜಳ ತಾಯಿ ಗಂಗಮ್ಮ ನನ್ನ ಎಲೆಯ ಮುಂದೆ ನಿಂತಿದ್ದಾರೆ. "ಯಾಕ್ ಬೀಗ್ರೇ, ನಮ್ಮನೆ ಮುದ್ದೆ ಸೇರ್ಲಿಲ್ವಾ?" ನುಂಗಲಾಗುತ್ತಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ಗಂಟಿತ್ತು."

ಅಲ್ಲಿಂದ ಮುಂದೆ ಗಂಗಮ್ಮ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅವತ್ತು ಸರೋಜ ಗುಬ್ಬಿಯಿಂದ ತುಮಕೂರಿನ ತನಕ ಬಸ್ಸಿನ ಕಿಟಕಿಗೆ ಮುಖ ಹಾಕಿಕೊಂಡು ಕೂತಿದ್ದಳು. ಗಾಳಿ ಬೇಕಿತ್ತೇನೋ ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸುಳ್ಳು.

ನಾನು ಒಣಗಿ ಕಡ್ಡಿಯಾದ ಮೇಲೆ ನಾಗರಾಜ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದ. ಸುಣ್ಣದ ನೀರಿನಂಥದೇನನ್ನೋ ಕುಡಿಸಿ ಫೋಟೋ ತೆಗೆದರು. ಡಾಕ್ಟರು ಧಾರವಾಡದ ಕಡೆಯ ಹುಡುಗ. "ಅಜ್ಜಿ, ನಿಮ್ಮ ಅನ್ನನಾಳದ ಕೆಳಗಿನ ಬಾಯಿ ತಗೀವಲ್ದು. ಉಂಡದ್ದೆಲ್ಲಾ ಅಲ್ಲೇ ನಿಂತು ನಿಂತು ನಾಳ ಚೀಲ ಆಗೇದ" ಎಂದ. ಬಲೂನು ಬಿಟ್ಟು ಎರಡು ಸಲ ಹಿಗ್ಗಿಸಿ ನೋಡಿದರು. ಆ ಬಾಯಿ ನನ್ನದೇ ಜಾತಿಯದು, ಹೇಳಿದ ಮಾತು ಕೇಳಲಿಲ್ಲ. ಕೊನೆಗೆ ನಾಳವನ್ನೇ ತೆಗೆದು, ಹೊಟ್ಟೆಯನ್ನು ಕೊಳವೆಯ ಹಾಗೆ ಮಾಡಿ ಮೇಲಕ್ಕೆಳೆದು ಕತ್ತಿನಲ್ಲಿ ಹೊಲಿದರು. ನೋಡಲು ಬಂದವರೆಲ್ಲ ಅಯ್ಯೋ ಅಂದರು. ಅದರಲ್ಲಿ ಅಯ್ಯೋ ಅನ್ನುವುದೇನಿದೆ? ಕೆಟ್ಟ ಪೈಪು ತೆಗೆಯುತ್ತಾರೆ. ನನಗೆ ಅಯ್ಯೋ ಅನ್ನಿಸಿದ್ದು ಮನೆಗೆ ಬಂದ ಮೇಲೆ.

ಏಕೆಂದರೆ ಕೂತಿರು ಅಂದರು. ಹುಟ್ಟಿದಾಗಿನಿಂದ ನಾನು ಕೂತವಳಲ್ಲ. ಈಗ ಕೊಡ ಎತ್ತಬಾರದು, ಬಗ್ಗಬಾರದು, ಉಂಡ ಮೇಲೆ ಮಲಗಬಾರದು, ಮಲಗಿದರೂ ಮೂರು ದಿಂಬಿಗೆ ಒರಗಿಯೇ ಮಲಗಬೇಕು. ಹೊಟ್ಟೆಯ ಪಕ್ಕ ಒಂದು ನಳಿಕೆ, ಅದರೊಳಗೆ ದಿನಕ್ಕೆ ಆರು ಸಲ ಗಂಜಿ. ಬಾಯಿಗೆ ಸುದ್ದಿಯೇ ಇಲ್ಲದ ಹಾಗೆ ಊಟ ಆಗಿಹೋಗುತ್ತಿತ್ತು. ಸಾಲದ್ದಕ್ಕೆ ದನಿ ಹೋಗಿತ್ತು. ಕತ್ತಿನ ಆಪರೇಷನ್ನಿನಲ್ಲಿ ಹೀಗಾಗುತ್ತದೆ, ಬರುತ್ತದೆ ಅಂದಿದ್ದರು. ಎರಡು ತಿಂಗಳು ಬೈಯುವ ಹಾಗೂ ಇಲ್ಲ! ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿದು ಕರೆಯುತ್ತಿದ್ದೆ. ಮೊಮ್ಮಗಳು ದೀಪು, "ಅಜ್ಜಿ, ಐಸ್ ಕ್ಯಾಂಡಿಯೋರು ಬಂದ್ರು ಅಂತ ಎದುರು ಮನೆ ಮಕ್ಳು ಓಡ್ಬಂದವ್ರೆ" ಎಂದು ಚಮಚ ಕಿತ್ತುಕೊಂಡಳು. ನಡುಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ನಡುಮನೆಗೆ ನಡೆದೆ. ಜೋಡಿಸಿದ್ದ ಡಬ್ಬಿಗಳನ್ನು ಜೋಡಿಸಿದೆ. "ಅತ್ತೆ, ಒಂದ್ ಕಡೆ ಕೂತ್ಕೊಳ್ಳಿ, ನಿಮ್ಮನ್ ನೋಡಿ ನಂಗೆ ತಲೆ ತಿರುಗ್ತೈತೆ" ಎಂದಳು ಸರೋಜ.

ಕೂರಲಾಗದ್ದಕ್ಕೆ ಇನ್ನೊಂದು ಕಾರಣವಿತ್ತು. ಆ ನಳಿಕೆ ಹುಲ್ಲುಕಡ್ಡಿಯಷ್ಟು ಸಣ್ಣದು. ಒಂದು ಚೂರು ಗಂಟಿದ್ದರೂ ಕಟ್ಟಿಕೊಂಡು ಮತ್ತೆ ಆಸ್ಪತ್ರೆಗೆ ಓಡಬೇಕು. ಸರೋಜ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಮೂರು ಸಲ ಸೋಸಿ, ಬೆಳಕಿಗೆ ಹಿಡಿದು ನೋಡಿ ಬಿಡುತ್ತಿದ್ದಳು. ದಿನಕ್ಕೆ ಆರು ಸಲ, ಮೂರೂವರೆ ತಿಂಗಳು. ಒಂದೇ ಒಂದು ದಿನ ಕಟ್ಟಲಿಲ್ಲ. ನಾನು ನೋಡುತ್ತ ಒರಗಿರುತ್ತಿದ್ದೆ. ಏನೂ ಹೇಳಲಿಲ್ಲ. ದನಿ ಇರಲಿಲ್ಲವಲ್ಲ, ನೆಪ ಸಿಕ್ಕಿತ್ತು. ಆಮೇಲೆ ದನಿ ಬಂತು, ನೆಪ ಹೋಯಿತು. ಆಗಲೂ ಆಗಲಿಲ್ಲ. ಅಡಿಗೆಮನೆ ಬಾಗಿಲಿಗೆ ಹೋಗಿ, "ಅಲ್ಲಾ ಕಣೇ ಸರೋಜಾ..." ಅನ್ನುವುದು, ಅವಳು ತಿರುಗಿ ನೋಡಿದ ಕೂಡಲೇ, "ಗ್ಯಾಸ್ ಆಫ್ ಮಾಡಿದ್ಯಾ?" ಅನ್ನುವುದು. ದಿನಕ್ಕೆ ನಾಲ್ಕು ಸಲ. ನಾಗರಾಜ ಒಂದು ದಿನ, "ಏನವ್ವಾ, ಗ್ಯಾಸ್ ಮೇಲೆ ಇಷ್ಟ್ ಭಯ ಯಾವಾಗಿಂದ?" ಎಂದು ಕೇಳಿದ.

ನಾಲ್ಕನೇ ತಿಂಗಳಿಗೆ ನಳಿಕೆ ತೆಗೆದರು. "ಇನ್ನ ಎಲ್ಲಾ ತಿನ್ರಿ, ಸ್ವಲ್ಪ ಸ್ವಲ್ಪ. ಒಂದೊಂದು ತುತ್ತು ಮೂವತ್ತು ಸಲ ಅಗೀಬೇಕು" ಎಂದ ಡಾಕ್ಟರು.

"ಮುದ್ದೆ?" ಎಂದೆ.

"ಮುದ್ದಿನೂ ಅಗೀರಿ."

"ಮುದ್ದೆ ಅಗಿಯಾಕಿಲ್ಲ ಕಣಪ್ಪಾ. ನಿಮ್ಮ ಕಡೆ ರೊಟ್ಟಿ ತಿನ್ನೋರಿಗೆ ಗೊತ್ತಾಗಾಕಿಲ್ಲ."

"ಅಗೀಲಾರದ ನುಂಗಿದ್ರ ಮತ್ತ ನನ್ನ ಹತ್ರನ ಬರ್ತೀರಿ. ಈ ಸಲ ತಗಿಯಾಕ ಏನೂ ಉಳಿದಿಲ್ಲ ನೋಡ್ರಿ" ಎಂದು ನಕ್ಕ.

ಆ ಭಾನುವಾರ ಗುಬ್ಬಿಯಿಂದ ಗಂಗಮ್ಮ ಬಂದರು, ಒಂದು ಚೀಲ ಅವರೆಕಾಯಿ ಹಿಡಿದುಕೊಂಡು. ನನ್ನನ್ನು ನೋಡಲು ಬಂದೆ ಅನ್ನಲಿಲ್ಲ, ಮಗಳಿಗೆ ಅವರೆಕಾಯಿ ಕೊಡಲು ಬಂದೆ ಅಂದರು. ನನಗೆ ಬೆಳಿಗ್ಗೆಯಿಂದ ಕೈಕಾಲು ನಿಲ್ಲಲಿಲ್ಲ. ಸರೋಜಳನ್ನು ಒಲೆಯ ಮುಂದಿನಿಂದ ಆಚೆ ತಳ್ಳಿ, "ನೀನು ಮುದ್ದೆ ನೋಡ್ಕೋ ಹೋಗು, ಸಾರು ನಾನ್ ಮಾಡ್ತೀನಿ" ಎಂದು ಅವರೆಕಾಳಿನ ಸಾರು ಇಟ್ಟೆ. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತೆವು. ನನ್ನ ಎಡಕ್ಕೆ ಗಂಗಮ್ಮ, ಆಮೇಲೆ ಮಗ, ಮೊಮ್ಮಗಳು, ಕೊನೆಗೆ ಸರೋಜ. ನನ್ನ ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆ. ತುತ್ತು ಬಾಯಿಗಿಟ್ಟೆ. ಗಂಟಲು ಹಳೇ ಅಭ್ಯಾಸಕ್ಕೆ ಬಾ ಅಂದಿತು. ಹಲ್ಲಿಗೆ ಕೊಟ್ಟೆ.

ಮುದ್ದೆ ಅಗಿಯುವ ಕಷ್ಟ ಅಗಿದವರಿಗೇ ಗೊತ್ತು. ಇರುವ ನಾಲ್ಕು ದವಡೆ ಹಲ್ಲಿಗೂ ಅಂಟಿಕೊಂಡಿತು. ನಾಲಿಗೆಯಲ್ಲಿ ಕೆರೆದು ತೆಗೆದು ಮತ್ತೆ ಅಗಿದೆ. ಒಂದು ತುತ್ತು ಮುಗಿಯುವಷ್ಟರಲ್ಲಿ ನಾಗರಾಜ ಇಡೀ ಮುದ್ದೆ ಮುಗಿಸಿದ್ದ. ಎರಡನೆಯದು ಮುಗಿಯುವಷ್ಟರಲ್ಲಿ ಎಲ್ಲರ ಮಜ್ಜಿಗೆಯೂ ಮುಗಿದಿತ್ತು. ಆದರೆ ಏಳುವವರು ಯಾರು? ಹಿರಿಯಳು ನಾನು, ನನ್ನದು ಇನ್ನೂ ಮುಕ್ಕಾಲು ಉಳಿದಿದೆ. "ಅಜ್ಜಿ, ಕೈ ಒಣಗೋಯ್ತು" ಎಂದಳು ದೀಪು. "ಸುಮ್ನೆ ಕೂತ್ಕೊಳೇ" ಎಂದ ನಾಗರಾಜ, ತಾನೂ ಗಡಿಯಾರ ನೋಡುತ್ತ. ನಾನು ಅಗಿಯುತ್ತಲೇ ಇದ್ದೆ, ನಾಲಿಗೆಯಿಂದ ತುತ್ತಿನ ಮೂಲೆ ಮೂಲೆ ತಡಕುತ್ತಲೂ ಇದ್ದೆ. ನಿಜ ಹೇಳುತ್ತೇನೆ, ಒಂದಾದರೂ ಗಂಟು ಸಿಕ್ಕಲಿ ಎಂದು ಹುಡುಕಿದೆ. ಸಿಕ್ಕಿದ್ದರೆ ನಾನು ಗೆಲ್ಲುತ್ತಿದ್ದೆ.

ಅರ್ಧ ಗಂಟೆಯಾದ ಮೇಲೆ ಗಂಗಮ್ಮನಿಗೆ ತಡೆಯಲಾಗಲಿಲ್ಲ. "ಅವತ್ತು ನಮ್ಮನೇಲಿ ಎದ್ದೋಗ್ಬುಟ್ರಿ, ಇವತ್ತು ನಮ್ಮನ್ನೇ ಏಳಾಕೆ ಬುಡ್ತಿಲ್ವಲ್ಲ ಬೀಗ್ರೇ!"

ಬಾಯಲ್ಲಿದ್ದದ್ದನ್ನು ಇಳಿಸಿದೆ. ಸಲೀಸಾಗಿ ಇಳಿಯಿತು. "ಗಂಗಮ್ನೋರೇ, ಗಂಟಿಲ್ಲ" ಎಂದೆ.

"ಏನು?"

"ಮುದ್ದೇಲಿ. ಇವತ್ತೂ ಇಲ್ಲ, ಅವತ್ತು ಗುಬ್ಬೀಲೂ ಇರ್ಲಿಲ್ಲ. ಇವಳು ಇಷ್ಟ್ ವರ್ಸ ಮಾಡಿದ್ರಲ್ಲಿ ಯಾವತ್ತೂ ಇರ್ಲಿಲ್ಲ. ಕೆಟ್ಟಿದ್ದು ನನ್ನ ಪೈಪು."

ಸರೋಜ ತಟ್ಟೆಯ ಮೇಲೆ ಒಣಗಿದ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಯಾರಾದರೂ ಅಳುತ್ತಾರೆ ಅನ್ನಿಸಿತು, ಅದೊಂದು ನನಗಾಗದು. ಅವಸರದಲ್ಲಿ, "ಸಾರಿಗೆ ಮಾತ್ರ ಉಪ್ಪು ಕಮ್ಮಿ ಕಣೇ" ಎಂದುಬಿಟ್ಟೆ.

ಸರೋಜ ತಲೆ ಎತ್ತಿದಳು. "ಸಾರು ಮಾಡಿದ್ದು ನೀವಲ್ವಾ ಅತ್ತೆ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಇನ್ನೊಂದು ತುತ್ತು ಮುರಿದು ಬಾಯಿಗಿಟ್ಟುಕೊಂಡೆ. ಡಾಕ್ಟರು ಮೂವತ್ತು ಸಲ ಅಗಿಯಲು ಹೇಳಿದ್ದ. ಆ ತುತ್ತನ್ನು ನಾನು ನೂರು ಸಲ ಅಗಿದೆ.