ಜೋಪಾನಕ್ಕೆ ಕೊಟ್ಟ ಕಾರ್ಡು

ಎಲ್ಮರ್ ಸೊಬೊಟ್ಕಾನ ಆ ದಿನದ ಗ್ರಹಚಾರಕ್ಕೆಲ್ಲ ಕಾರಣ, ಅವನ ಹೆಂಡತಿ ಜೆರಾಲ್ಡಿನ್‌ಗೆ ಶನಿವಾರ ಬೆಳಗ್ಗೆ ಇದ್ದಕ್ಕಿದ್ದಂತೆ ದಾನಬುದ್ಧಿ ಹುಟ್ಟಿದ್ದು. ಅವನು ಮಹಡಿಯ ಮೇಲೆ ಗಲ್ಲಕ್ಕೆ ನೊರೆ ಹಚ್ಚಿಕೊಂಡು ನಿಂತಿದ್ದಾಗ ಅವಳು ಕೆಳಗಿನಿಂದ ಕೂಗಿದಳು.

“ಎಲ್ಮರ್, ನೆಲಮಾಳಿಗೇಲಿ ಬಿದ್ದಿತ್ತಲ್ಲ, ಆ ಕೆಟ್ಟುಹೋದ, ಹಕ್ಕಿ ಕೂಗೋ ಕುಕ್ಕೂ ಗಡಿಯಾರ, ಅದನ್ನ ಚರ್ಚಿನ ಹಳೇ ಸಾಮಾನು ಮಾರಾಟಕ್ಕೆ ಕೊಟ್ಟುಬಿಟ್ಟೆ. ಪೀಡೆ ತೊಲಗ್ತು! ಈಗ ರೂಡಿ ಮನೆಗೆ ಹೋಗಿ ಗುಡಿಸಿ, ಅವನ ಬಟ್ಟೆಬರೆ ತಗೊಂಡು ಸಂಜೆ ಬರ್ತೀನಿ. ಅವನು ಆಸ್ಪತ್ರೆಯಿಂದ ಟ್ಯಾಕ್ಸೀಲಿ ನೇರ ಇಲ್ಲಿಗೇ ಬರ್ತಾನೆ, ನೋಡ್ಕೋ.”

ಬಾಗಿಲು ಮುಚ್ಚಿದ ಸದ್ದಾಯಿತು. ಕಾರು ಹೊರಟ ಸದ್ದಾಯಿತು. ಎಲ್ಮರನ ಕೈಯಲ್ಲಿದ್ದ ರೇಜರು ಗಲ್ಲದ ಮೇಲೆ ತನಗೆ ತೋಚಿದ ದಾರಿ ಹಿಡಿಯಿತು.

ಆ ಗಡಿಯಾರದ ಹೊಟ್ಟೆಯೊಳಗೆ ರೂಡಿಯ ಕಾರ್ಡಿತ್ತು.

ರೂಡಿ ಎಂದರೆ ಜೆರಾಲ್ಡಿನ್‌ಳ ಅಣ್ಣ. ಟೊಲೀಡೊ ಊರಿನಲ್ಲಿ ಮನೆಯಿಂದ ಮನೆಗೆ ಪಿಯಾನೊ ಸಾಗಿಸುವುದು ಅವನ ಕಸುಬು. ನಾಲ್ವರು ಹೊರುವುದನ್ನು ಇಬ್ಬರೇ ಹೊತ್ತು ಹರ್ನಿಯಾ ಮಾಡಿಕೊಂಡು ಆಸ್ಪತ್ರೆ ಸೇರಿದ್ದ. ಅವನ ಅಂಗೈ ಎಲ್ಮರನ ಮುಖಕ್ಕಿಂತ ಅಗಲ. ಮದುವೆಯಾದ ದಿನ ಆ ಅಂಗೈ ಬೆನ್ನ ಮೇಲೆ ಪ್ರೀತಿಯಿಂದ ಬಿದ್ದಿತ್ತು. ಎಲ್ಮರನಿಗೆ ಮಧುಚಂದ್ರದ್ದು ಬೇರೇನೂ ನೆನಪಿಲ್ಲ, ಆ ನೋವೊಂದೇ ನೆನಪು.

ಕಾರ್ಡು ಬೇಸ್‌ಬಾಲ್ ಆಟಗಾರನ ಚಿತ್ರ ಅಚ್ಚಾದ ಪುಟ್ಟ ರಟ್ಟು. ಅವರೆಲ್ಲ ಹುಡುಗರಾಗಿದ್ದಾಗ ಇಂಥ ಕಾರ್ಡುಗಳನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಕೊಂಡು ಓಡುತ್ತಿದ್ದರು. ಎಲ್ಮರ್ ಹಾಗೆ ಹರಿದು ಹಾಕಿದ್ದಕ್ಕೆ ಲೆಕ್ಕವಿಲ್ಲ. ರೂಡಿ ಮಾತ್ರ ತನ್ನದನ್ನು ಚುಟ್ಟದ ಡಬ್ಬಿಯಲ್ಲಿಟ್ಟು ಕಾಪಾಡಿಕೊಂಡ. ಊರೆಲ್ಲ ನಕ್ಕಿತು. ಈಗ ಹಳೇ ಕಾರ್ಡು ಕೊಳ್ಳುವವರು ಹುಟ್ಟಿಕೊಂಡು, ನಕ್ಕವರೇ ತಮ್ಮ ಅಟ್ಟಗಳನ್ನು ಕೆದಕುತ್ತಿದ್ದರು. ರೂಡಿಯ ಕಾರ್ಡಿನಲ್ಲಿದ್ದವನು ಕ್ಲೆಮ್ ಹ್ಯಾಟರ್ಸ್ಲಿ ಎಂಬ, ಎಡಗೈಯಲ್ಲಿ ಚೆಂಡೆಸೆಯುವ ಆಟಗಾರ. ಅಚ್ಚಿನವರ ತಪ್ಪಿನಿಂದ ಚೆಂಡು ಅವನ ಬಲಗೈಯಲ್ಲಿ ಬಂದು, ಅಚ್ಚು ಹಾಕುವುದನ್ನು ಅರ್ಧಕ್ಕೇ ನಿಲ್ಲಿಸಿದ್ದರಂತೆ, ಹಾಗಾಗಿ ಅದು ಸಿಗುವುದೇ ಅಪರೂಪ. ಒಂದು ಕಾಲಕ್ಕೆ ಗೋಲಿಗೂ ಬದಲಾಗದ ಆ ತುಂಡುರಟ್ಟು ಹೋದ ವರ್ಷ ಒಂದು ಫ್ರಿಜ್ಜಿನ ಬೆಲೆಗೆ ಬಂದು, ಈ ವರ್ಷ ಹೊಸ ಕಾರಿನ ಬೆಲೆ ಮುಟ್ಟಿತ್ತು.

“ಮಾರಿಬಿಡೋ” ಎಂದವರ ಮೇಲೆ ರೂಡಿ ಉರಿದುಬೀಳುತ್ತಿದ್ದ. “ನಂಗೆ ಜ್ವರ ಬಂದು ಮಲಗಿದ್ದಾಗ ಅಜ್ಜ ದಿಂಬಿನ ಕೆಳಗೆ ಇಟ್ಟ ಕಾರ್ಡು ಅದು. ಮಾರೋದಂತೆ! ನಿಮ್ಮಜ್ಜನ್ನ ಮಾರ್ಕೊಳ್ಳಿ ಹೋಗಿ.”

ಆಸ್ಪತ್ರೆಗೆ ಹೋಗುವ ಮುನ್ನ ಅದನ್ನು ಎಲ್ಮರನ ಕೈಗಿತ್ತು ಹೇಳಿದ್ದ: “ನೀನು ಹೆದರುಪುಕ್ಕಲ ಕಣಯ್ಯ, ಅದಕ್ಕೇ ನಿನ್ನ ಹತ್ರ ಕೊಡ್ತಿರೋದು. ಧೈರ್ಯಸ್ಥರು ಮೈಮರೀತಾರೆ. ಜೆರಾಲ್ಡಿನ್‌ಗೂ ಹೇಳ್ಬೇಡ, ಅವಳ ಬಾಯಿ ನಂಗೆ ಗೊತ್ತು.” ಆಮೇಲೆ ಮೆಲ್ಲಗೆ ಸೇರಿಸಿದ: “ಅದಕ್ಕೇನಾದ್ರೂ ಆದ್ರೆ ನನ್ನ ತಂಗಿ ವಿಧವೆ ಆಗ್ತಾಳೆ.”

ಎಲ್ಮರ್ ಮೂರು ರಾತ್ರಿ ನಿದ್ದೆಗೆಟ್ಟು ಯೋಚಿಸಿ, ಯಾವ ಕಳ್ಳನೂ ಕಣ್ಣೆತ್ತಿ ನೋಡದ ವಸ್ತುವೆಂದು ಆ ಗಡಿಯಾರವನ್ನು ಆರಿಸಿ, ಹಿಂಬದಿಯ ಹಲಗೆ ಬಿಚ್ಚಿ, ಕಾರ್ಡು ಒಳಗಿಟ್ಟು, ಸ್ಕ್ರೂ ಬಿಗಿದಿದ್ದ. ಕಳ್ಳರ ಬಗ್ಗೆ ಅವನ ಲೆಕ್ಕ ಸರಿಯಾಗಿತ್ತು. ಹೆಂಡತಿಯ ಲೆಕ್ಕವನ್ನೇ ಹಾಕಿರಲಿಲ್ಲ.

ಅರ್ಧ ಗಲ್ಲ ಬೋಳಿಸಿಕೊಂಡು, ಮನೆಯ ಚಪ್ಪಲಿಯಲ್ಲೇ ಅವನು ಚರ್ಚಿಗೆ ಓಡಿದ. ಚರ್ಚಿನ ನೆಲಮಾಳಿಗೆಯಲ್ಲಿ ಸಾಸೇಜು, ಎಲೆಕೋಸು ಬೇಯುವ ವಾಸನೆ. ಹಳೆಯ ಲ್ಯಾಂಪು, ಒಡಕು ಪಿಂಗಾಣಿಗಳ ನಡುವೆ ಗಡಿಯಾರ ನಿಂತಿತ್ತು. ಮೂರು ಡಾಲರಿನ ಚೀಟಿ ಅಂಟಿಸಿದ್ದರು. ಎಲ್ಮರನ ಹೋದ ಜೀವ ಬಂತು. ಜೇಬಿಗೆ ಕೈ ಹಾಕಿದ. ಬಂದ ಜೀವ ಮತ್ತೆ ಹೋಯಿತು. ಪರ್ಸು ಮನೆಯಲ್ಲಿತ್ತು.

“ಮಿಸೆಸ್ ಹಾರ್ನಂಗ್, ಇದನ್ನ ಸ್ವಲ್ಪ ಎತ್ತಿಟ್ಟಿರ್ತೀರಾ? ಓಡಿಹೋಗಿ ದುಡ್ಡು ತರ್ತೀನಿ.”

ಮೇಜಿನ ಹಿಂದೆ ಕೂತಿದ್ದ ಮಿಸೆಸ್ ಹಾರ್ನಂಗ್ ಕನ್ನಡಕದ ಮೇಲಿಂದ ನೋಡಿದಳು. ಅವಳ ಕಣ್ಣಿಗೆ ಬಿದ್ದದ್ದು ಬೀದಿಯ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಕಿರಲಿಲ್ಲ.

“ನಿಮ್ಮನೆಯಿಂದ್ಲೇ ಬಂದಿದ್ದಲ್ವೇನಪ್ಪ ಇದು? ಈಗಷ್ಟೇ ಕೊಟ್ಟು ಹೋದ್ಳು ನಿನ್ನ ಹೆಂಡ್ತಿ.”

“ಹೌದು... ಅಲ್ಲ... ನಂಗೆ ಅದರ ಹಕ್ಕಿ ಅಂದ್ರೆ ಇಷ್ಟ.”

“ಹಕ್ಕೀನೇ ಇಲ್ವಲ್ಲೋ ಇದ್ರಲ್ಲಿ!”

ಎಲ್ಮರ್ ನಗಲು ಹೋದ. ಹಲ್ಲು ಕಟಕಟ ಎಂದವು. ಮೆಲ್ಲಗೆ ಹಿಂಬದಿಗೆ ಕೈ ಹಾಕಿ ಉಗುರಿನಿಂದ ಸ್ಕ್ರೂ ತಿರುಗಿಸಲು ನೋಡಿದ. ಮಿಸೆಸ್ ಹಾರ್ನಂಗ್ ಸೌಟಿನಿಂದ ಫಟ್ಟನೆ ಬಾರಿಸಿದಳು. “ದುಡ್ಡು ಕೊಟ್ಟು ಮುಟ್ಟು.”

ಅವನು ಮನೆಗೆ ಓಡಿ, ಪರ್ಸು ಸಾಲದೆಂದು ಚಳಿಗಾಲದ ಒಲೆ ರಿಪೇರಿಗೆ ಕೂಡಿಟ್ಟದ್ದನ್ನೂ ಬಳಿದುಕೊಂಡು ಹಿಂದಿರುಗುವಷ್ಟರಲ್ಲಿ ಗಡಿಯಾರದ ಸುತ್ತ ಜೇನುಹುಳು ಮುತ್ತಿದಂತೆ ಜನ.

“ಗಡಗಡ ನಡುಗ್ತಾ ಇದ್ದ ಕಣ್ರೀ. ಏನೋ ಇದೆ ಇದ್ರಲ್ಲಿ.”

“ಜರ್ಮನಿ ರಾಜರ ಕಾಲದ್ದಿರ್ಬೇಕು.”

“ಒಳಗಡೆ ಚಕ್ರ ಎಲ್ಲ ಚಿನ್ನದ್ದಂತೆ. ಹೆಂಡ್ತಿಗೆ ಪಾಪ ಗೊತ್ತಿಲ್ಲ, ಕೊಟ್ಟುಬಿಟ್ಳು.”

ಜನ ಕಿತ್ತಾಡುವುದು ಕಂಡು ಫಾದರ್ ಕಾಸ್ಪರ್ ಮೂರು ಡಾಲರಿನ ಚೀಟಿ ಕಿತ್ತುಹಾಕಿ ಹರಾಜು ಎಂದು ಸಾರಿದರು. ಚರ್ಚಿನ ಛಾವಣಿ ಸೋರುತ್ತಿತ್ತು. ದೇವರೇ ದಾರಿ ತೋರಿಸಿದ್ದಾನೆಂದು ಅವರಿಗೆ ಅನ್ನಿಸಿರಬೇಕು.

ಐದು, ಹತ್ತು, ಇಪ್ಪತ್ತು. ಎಲ್ಮರ್ ಕೈ ಎತ್ತಿದಾಗಲೆಲ್ಲ ಕೈ ನಡುಗಿತು. ಕೈ ನಡುಗಿದಾಗಲೆಲ್ಲ ಜನರ ನಂಬಿಕೆ ಬೆಳೆಯಿತು. ನೂರಕ್ಕೆ ಬಂದಾಗ ನೆರೆಹೊರೆಯವರೆಲ್ಲ ಹಿಂದೆ ಸರಿದರು. ಉಳಿದವಳು ಒಬ್ಬಳೇ: ಊರಿನ ಈ ಭಾಗದಲ್ಲಿ ಯಾರೂ ಕಂಡಿರದ, ಹಸಿರು ಕೋಟಿನ ಹೆಂಗಸು. ಪ್ರತಿ ಕೂಗಿಗೂ ಮೆಟ್ಟಿಲ ಬಳಿಯ ಫೋನಿಗೆ ಓಡಿ, ಪಿಸುಗುಟ್ಟಿ, ಹಿಂದಿರುಗಿ ಬಂದು ಇಪ್ಪತ್ತು ಏರಿಸುತ್ತಿದ್ದಳು. ಆ ತಂತಿಯ ಆಚೆ ತುದಿಯಲ್ಲಿ ಕೂತವನು ಯಾರು? ಎಲ್ಮರನ ಕಣ್ಣಮುಂದೆ ಕರಿ ಹ್ಯಾಟಿನ ಕಳ್ಳರ ಗುಂಪೊಂದು ಹಾದುಹೋಯಿತು. ಅವರಿಗೆ ಎಲ್ಲ ಗೊತ್ತಾಗಿದೆ!

“ಮುನ್ನೂರು!” ಎಂದ ಎಲ್ಮರ್. ಜೇಬಿನಲ್ಲಿದ್ದದ್ದೇ ಅಷ್ಟು.

ಹೆಂಗಸು ಫೋನಿಗೆ ಓಡಿದಳು. ಎಲ್ಮರ್ ಹಿಂದೆಂದೂ ಮಾಡದಷ್ಟು ಭಕ್ತಿಯಿಂದ ಪ್ರಾರ್ಥನೆ ಮಾಡಿದ, ಅದೂ ಚರ್ಚಿನೊಳಗೇ.

“ಮುನ್ನೂರ ಇಪ್ಪತ್ತು” ಎಂದಳು ಅವಳು.

“ಫಾದರ್, ಸಾಲ...” ಎಂದು ಎಲ್ಮರ್ ತೊದಲಿದ.

“ಚರ್ಚಿನಲ್ಲಿ ಪಾಪಕ್ಕೆ ಕ್ಷಮೆ ಉಂಟಪ್ಪ, ಸಾಲ ಇಲ್ಲ” ಎಂದು ಫಾದರ್ ಮೇಜು ಕುಟ್ಟಿದರು.

ಹೆಂಗಸು ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಎಲ್ಮರ್ ಕಿಟಕಿಗೆ ಜೋತುಬಿದ್ದ. “ತಾಯಿ, ಒಂದೇ ನಿಮಿಷ! ಗಡಿಯಾರ ನೀವೇ ಇಟ್ಕೊಳ್ಳಿ, ನಂಗೆ ಅದರ ಹಿಂಭಾಗ ಸಾಕು!” ಅರ್ಧ ಬೋಳಿಸಿದ, ರಕ್ತ ಒಸರುವ ಮುಖ ಕಂಡು ಅವಳು ಕಿಟಾರನೆ ಕಿರುಚಿದಳು. ಡ್ರೈವರು ಪೊಲೀಸರ ಹೆಸರೆತ್ತಿದ. ಬಸ್ಸು ಹೊರಟಿತು, ಒಂದು ಚಪ್ಪಲಿ ಅದರೊಂದಿಗೇ ಹೋಯಿತು.

ಮನೆಗೆ ಬಂದು ಎಲ್ಮರ್ ಕುರ್ಚಿಯಲ್ಲಿ ಕುಸಿದ. ಹೇಳಿಬಿಡಲೇ? ರೂಡಿಯ ಅಂಗೈ ಕಣ್ಣಮುಂದೆ ಬಂತು. ಓಡಿಹೋಗಲೇ? ಒಂದೇ ಚಪ್ಪಲಿಯಲ್ಲಿ ಎಷ್ಟು ದೂರ? ಹೊರಗೆ ಟ್ಯಾಕ್ಸಿ ನಿಂತ ಸದ್ದಾದಾಗ ಉಳಿದೊಂದು ಚಪ್ಪಲಿಯನ್ನೂ ಕುರ್ಚಿಯ ಕೆಳಗೆ ತಳ್ಳಿದ.

ರೂಡಿ ಹೊಟ್ಟೆ ಹಿಡಿದುಕೊಂಡು ಒಳಗೆ ಬಂದ. ಮುಖದ ತುಂಬ ನಗು. ಹಿಂದೆ ಡ್ರೈವರು ಏನನ್ನೋ ಹೊತ್ತು ತಂದು ಮೇಜಿನ ಮೇಲಿಟ್ಟು ಹೋದ.

ಕುಕ್ಕೂ ಗಡಿಯಾರ.

“ನೋಡಯ್ಯ, ಮಲಗಿದ್ದಲ್ಲೇ ಬೇಟೆ ಆಡಿದೀನಿ!” ಎಂದ ರೂಡಿ. “ನಮ್ಮ ವಾರ್ಡಿನ ನರ್ಸುಗಳಿಗೆಲ್ಲ ಹೇಳಿಟ್ಟಿದ್ದೆ, ಹಳೇ ಸಾಮಾನಿಗೆ ಎಲ್ಲಾದ್ರೂ ಜನ ಕಿತ್ತಾಡೋದು ಕಂಡ್ರೆ ನಂಗೆ ಫೋನ್ ಮಾಡಿ ಅಂತ. ಒಬ್ಬಳು ಮಾಡಿದ್ಳು. ತನ್ನ ಸಂಬಳದ ದುಡ್ಡಲ್ಲೇ ಕೊಂಡು ಆಸ್ಪತ್ರೆಗೆ ತಂದ್ಳು, ಅಲ್ಲೇ ತೀರಿಸ್ದೆ. ಯಾವನೋ ಹುಚ್ಚ, ಅರ್ಧ ಗಡ್ಡದವನು, ಇದಕ್ಕೆ ಪ್ರಾಣ ಬಿಡ್ತಿದ್ನಂತೆ. ಅಂದ್ಮೇಲೆ ಒಳಗೆ ಏನೋ ಇರ್ಲೇಬೇಕು ಅಂದ್ಕೊಂಡೆ. ಟ್ಯಾಕ್ಸೀಲೇ ಸ್ಕ್ರೂ ಬಿಚ್ಚಿ ನೋಡಿದೆ.”

ಎಲ್ಮರ್ ಗಡ್ಡವಿದ್ದ ಗಲ್ಲವನ್ನು ಮೆಲ್ಲಗೆ ಕೈಯಿಂದ ಮುಚ್ಚಿಕೊಂಡು ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ತೆರೆದರೆ, ರೂಡಿಯ ಕಣ್ಣಲ್ಲಿ ನೀರು.

“ಕ್ಲೆಮ್ ಹ್ಯಾಟರ್ಸ್ಲಿ ಕಣೋ! ಬಲಗೈದು! ಇಡೀ ದೇಶದಲ್ಲಿ ಇನ್ನೊಂದಿರಲ್ಲ ಅಂತಿದ್ರು, ಈಗ ಎರಡೂ ನನ್ನ ಹತ್ರ! ಮೂಲೆ ಮಡಚಿರೋದು ಕೂಡ ನನ್ನದರ ಥರಾನೇ ಇದೆ. ಹೋಗು ಹೋಗು, ನನ್ನದು ತಗೊಂಡ್ಬಾ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.”

“ತ... ತರ್ತೀನಿ” ಎಂದ ಎಲ್ಮರ್.

ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡು, ಇಲ್ಲದ ಕಾರ್ಡನ್ನು ಹುಡುಕುವ ಸದ್ದು ಮಾಡಲು ಡ್ರಾಯರುಗಳನ್ನು ಎಳೆದ, ಮುಚ್ಚಿದ. ಕೆಳಗೆ ಹಿಂಬಾಗಿಲು ತೆರೆಯಿತು. ಹೆಂಡತಿಯ ಧ್ವನಿ ಕೇಳಿಸಿತು.

“ರೂಡಿ! ಬಂದ್ಯಾ? ಅಯ್ಯೋ, ಇದೇನು, ನಮ್ಮನೆ ಗಡಿಯಾರ ಇಲ್ಲಿದೆ? ಬೆಳಗ್ಗೆ ತಾನೆ ಚರ್ಚಿಗೆ ಕೊಟ್ಟುಬಂದೆ!”

ಎಲ್ಮರ್ ಡ್ರಾಯರು ಎಳೆಯುವುದನ್ನು ನಿಲ್ಲಿಸಿದ.

ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಇನ್ನೊಂದು ತಿಂಗಳು ಮೆಟ್ಟಿಲು ಹತ್ತಲೇಬಾರದು ಎಂದು ಡಾಕ್ಟರು ರೂಡಿಗೆ ಕಟ್ಟುನಿಟ್ಟಾಗಿ ಹೇಳಿದ್ದರು.

ಕೆಳಗಿನ ಮೆಟ್ಟಿಲು ಕಿರ್ರೆಂದಿತು. ಆಮೇಲೆ ಅದರ ಮೇಲಿನದು.