ನಮ್ಮ ಮನೆಯ ಮೆಂತ್ಯದ ರೊಟ್ಟಿ

ಮನೆಯಲ್ಲಿ ಒಬ್ಬರಿಗೆ ಶುಗರ್ ಬಂದರೆ ಸಾಕು, ಅಡುಗೆಮನೆಯಲ್ಲಿ ನಗುವಿಗೆ ಬರವಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ತೂಕ ಹಾಕುವ ನಮ್ಮವರಿಗೆ ಡಾಕ್ಟರು, "ಎರಡು ತಿಂಗಳು ಪಥ್ಯ ಮಾಡ್ರಿ. ಶುಗರ್ ಇಳೀಲಿಲ್ಲಂದ್ರ ಇಂಜೆಕ್ಷನ್ ಶುರು ಮಾಡೋಣ" ಎಂದರು. ನಮ್ಮವರಿಗೆ ಸೂಜಿ ಕಂಡರೆ ಜೀವವೇ ಹೋಗುತ್ತದೆ. ನನಗೂ ಹೆದರಿಕೆಯಾಯಿತು. ಗುಳಿಗೆಯ ಜೊತೆಗೆ ಇದೂ ಇರಲಿ ಎಂದು ಜೋಳದ ಹಿಟ್ಟಿಗೆ ಮೆಂತ್ಯದ ಹಿಟ್ಟು ಬೆರೆಸಿ ರೊಟ್ಟಿ ಬಡಿಯಲು ನಿರ್ಧರಿಸಿದೆ.

ಬಾಣಂತಿ

ಮೆಂತ್ಯ ಹುರಿದ ಘಮಲು ಓಣಿಯ ತುದಿಯವರೆಗೆ ಹೋಯಿತು. ನಮ್ಮ ಕಡೆ ಅಷ್ಟೊಂದು ಮೆಂತ್ಯ ಹುರಿಯುವುದು ಬಾಣಂತಿಯ ಉಂಡಿಗೆ ಮಾತ್ರ. ಸಂಜೆ ಎದುರುಮನೆಯಾಕೆ ಕೂಸಿನ ತಲೆಗೆ ಹಾಕುವ ಕುಲಾಯಿ ಹಿಡಿದುಕೊಂಡೇ ಬಂದಳು.

"ಯಾರು ಹಡದಾರ್ರಿ?"

ಇರಕಲ್ಲಗಡದಿಂದ ಬಂದಿದ್ದ ನಮ್ಮ ಅತ್ತೆ, ನೆಗಡಿಯಾಗಿ ತಲೆಗೆ ಮಫ್ಲರ್ ಸುತ್ತಿಕೊಂಡು ಮಲಗಿದ್ದ ಮಗನನ್ನು ತೋರಿಸಿದರು. "ಬಾಣಂತಿ ಅಲ್ಲೈತಿ ನೋಡವ್ವಾ. ಕೂಸು ಎಲ್ಲೈತಿ ಅಂತ ಮಾತ್ರ ಕೇಳಬ್ಯಾಡ."

ಬೇಸನ್ ಉಂಡಿ

ಮರುದಿನ ಆ ಮೆಂತ್ಯ ಬೀಸಿಸಲು ಹೋದಾಗ ಹಿಟ್ಟಿನ ಗಿರಣಿಯಲ್ಲಿ ನನ್ನ ಹಿಂದೆ ನಿಂತವಳು ಬೇಸನ್ ಉಂಡಿಗೆಂದು ಕಡಲೆಬೇಳೆ ತಂದಿದ್ದಳು. ಕಲ್ಲಿನಲ್ಲಿ ಉಳಿದಿದ್ದ ನನ್ನ ಮೆಂತ್ಯವೆಲ್ಲ ಅವಳ ಹಿಟ್ಟಿಗೆ ಸೇರಿತು. ವಿಷಯ ಗೊತ್ತಾಗಿ, ತಪ್ಪಾಯಿತು ಎಂದು ಹೇಳಲು ಅವಳ ಮನೆಗೇ ಹೋದೆ.

"ಬಿಡವ್ವಾ, ಛಲೋನ ಆತು," ಎಂದಳು. "ವಾರ ಇರಾಕ ಬಂದಿದ್ದ ಅಳಿಯ ಒಂದ ಉಂಡಿ ತಿಂದು ಊರಿಗೆ ಹೋಗ್ಯಾನ. ಇನ್ನ ನಾದಿನಿ ಬರಾಕಿ ಅದಾಳ. ಮತ್ತ ಯಾವಾಗ ಬೀಸಸ್ತಿ, ಹೇಳು."

ಬುತ್ತಿ

ನಮ್ಮವರ ಬುತ್ತಿ ಡಬ್ಬಿ ದಿನವೂ ಖಾಲಿಯಾಗಿಯೇ ಬರುತ್ತಿತ್ತು. ಕಹಿಯಾದರೂ ತಿನ್ನುತ್ತಾರಲ್ಲ ಎಂದು ನನಗೆ ಹೆಮ್ಮೆ. ಆದರೆ ಎರಡು ತಿಂಗಳಾದ ಮೇಲೆ ನೋಡಿದರೆ ಶುಗರ್ ಇದ್ದಲ್ಲೇ ಇತ್ತು. ಮತ್ತೆ ಸೂಜಿಯ ಮಾತು ಎದ್ದಿತು. ಮನೆಗೆ ಬಂದು ಅತ್ತುಬಿಟ್ಟೆ.

ಅಂದೇ ಸಂಜೆ ಅವರ ಅಕ್ಕಿ ಗಿರಣಿಯ ಲಾರಿ ಚಾಲಕ ಬಂದ. ಗಿರಣಿಯಲ್ಲಿ ಎಲ್ಲರ ಬುತ್ತಿಯನ್ನೂ ಒಂದೇ ಕಡೆ ಬಿಚ್ಚಿ ಹಂಚಿಕೊಂಡು ಉಣ್ಣುವುದು ವಾಡಿಕೆ.

"ಅಕ್ಕಾರ, ನಂಗೂ ಶುಗರ್ ಐತ್ರಿ. ಮನ್ಯಾಗ ಹೇಳಿದ್ದಿಲ್ಲ. ದಿನಾ ನಿಮ್ಮ ರೊಟ್ಟಿ ನಾನ ತಿಂತಿದ್ದೆ, ನಮ್ಮಾಕಿ ಕಟ್ಟಿದ ತುಪ್ಪ-ಸಕ್ಕರಿ ಚಪಾತಿ ಅಣ್ಣಾರು ತಿಂತಿದ್ರು. ಈಗ ನಂದು ಭಾಳ ಇಳದೈತ್ರಿ. ಹಿಟ್ಟು ಹೆಂಗ ಬೆರಸೋದು ಹೇಳ್ರಿ, ಇನ್ನ ನಮ್ಮ ಮನ್ಯಾಗೂ ಅದನ್ನ ಮಾಡಸ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಒಳಗಿಂದ ಓಡಿ ಬಂದರು.

"ಬ್ಯಾಡೋ ಮಾರಾಯ. ನಿಮ್ಮ ಮನ್ಯಾಗೂ ಇದನ್ನ ಮಾಡಿದ್ರ, ನಾ ಏನು ತಿನ್ನಲಿ?"